ಬಿಳಿಯ ಹಾದಿಗಳು

ಹಾದಿ ಕೆಟ್ಟಿದೆ, ಡಾಂಬರು ಹಾಕಿಸಿಕೊಡಿ ಎಂದು ಊರಿನವರು ಅರ್ಜಿ ಕೊಡುವುದು ಲೋಕರೂಢಿ. ಇರುವ ಜಲ್ಲಿಯ ಹಾದಿಯನ್ನು ಹಾಗೆಯೇ ಬಿಡಿ, ಅದಕ್ಕೆ ಡಾಂಬರು ಬೇಡ ಎಂದು ಕೇಳಿಕೊಂಡವರೂ ಉಂಟು. ಇಟಲಿಯ ಟಸ್ಕನಿ ಪ್ರಾಂತದಲ್ಲಿ, ಸಿಯೆನಾ ನಗರದ ಸುತ್ತಲಿನ ಗುಡ್ಡಗಾಡಿನಲ್ಲಿ, ಇಂಥದೊಂದು ಬೇಡಿಕೆ ಹುಟ್ಟಿತು. ಅದನ್ನು ಮುಂದಿಟ್ಟವರು ಬೈಸಿಕಲ್ ಸವಾರರು ಎಂಬುದು ಮತ್ತೊಂದು ಸೋಜಿಗ.

ಆ ಹಾದಿಗಳನ್ನು ಅಲ್ಲಿಯ ಜನ 'ಸ್ತ್ರಾದೆ ಬಿಯಾಂಕೆ' ಎನ್ನುತ್ತಾರೆ. ಬಿಳಿಯ ಹಾದಿಗಳು ಎಂದರ್ಥ. ಸಿಯೆನಾದ ಉತ್ತರಕ್ಕಿರುವ ಕಿಯಾಂತಿ ಬೆಟ್ಟಗಳಲ್ಲಿ ಸುಣ್ಣಕಲ್ಲು ಹೇರಳ. ಆಗ್ನೇಯಕ್ಕೆ ಹೊರಳಿದರೆ 'ಕ್ರೇತೆ' ಎಂಬ ಬೋಳುಗುಡ್ಡಗಳ ಸೀಮೆ. ಅದು ಹಲವು ದಶಲಕ್ಷ ವರ್ಷಗಳ ಹಿಂದೆ ಸಮುದ್ರದ ತಳವಾಗಿದ್ದ ಜೇಡಿನೆಲ. ಕೈಗೆಟುಕುವ ಕಲ್ಲನ್ನೇ ಒಡೆದು ಹರಡಿ ಮಾಡಿದ ಹಾದಿ ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬೆಳ್ಳಗಾಗುತ್ತದೆ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ಕ್ರೇತೆಯ ಇಳಿಜಾರಿನ ಜೇಡಿ ಮಳೆಗೆ ಜಾರುವುದರಿಂದ ಅಲ್ಲಿ ಹಾದಿ ಬಹುಮಟ್ಟಿಗೆ ದಿಣ್ಣೆಯ ನೆತ್ತಿಯನ್ನೇ ಹಿಡಿದು ಸಾಗುತ್ತದೆ. ಅಲ್ಲಿಂದ ನೋಡುವವನಿಗೆ ಉತ್ತ ಹೊಲ, ಸೈಪ್ರಸ್ ಮರಗಳ ಸಾಲು, ದೂರದ ಒಂದು ಗಂಟೆಗೋಪುರ ಕಾಣುತ್ತವೆ.

1997ರಲ್ಲಿ ಗಾಯೋಲೆ ಎಂಬ ಚಿಕ್ಕ ಊರಿನಿಂದ 92 ಮಂದಿ ಹಳೆಯ ಬೈಸಿಕಲ್‌ಗಳನ್ನೇರಿ ಈ ಹಾದಿಗಳಲ್ಲಿ ಹೊರಟರು. ಇದನ್ನು ಯೋಜಿಸಿದವನು ಜಾಂಕಾರ್ಲೊ ಬ್ರೊಚ್ಚಿ. ಈ ಸವಾರಿಗೆ ಇಟ್ಟ ಹೆಸರು 'ಲೆರೋಯಿಕಾ', ಎಂದರೆ ವೀರೋಚಿತವಾದದ್ದು. ಎರಡನೆಯ ಮಹಾಯುದ್ಧದ ಮುಂಚಿನ ಮತ್ತು ಅನಂತರದ ಸವಾರರು ಧೂಳಿನ ಹಾದಿಗಳಲ್ಲಿ ಪಟ್ಟ ಪಾಡನ್ನು ನೆನೆಯುವುದು ಒಂದು ಉದ್ದೇಶ; ಒಂದೊಂದಾಗಿ ಡಾಂಬರಿನಡಿ ಮರೆಯಾಗುತ್ತಿದ್ದ ಬಿಳಿಯ ಹಾದಿಗಳನ್ನು ಉಳಿಸುವುದು ಇನ್ನೊಂದು. 1987ರ ಈಚೆಗೆ ತಯಾರಾದ ಬೈಸಿಕಲ್‌ಗಳಿಗೆ ಈ ಸವಾರಿಯಲ್ಲಿ ಸಾಮಾನ್ಯವಾಗಿ ಪ್ರವೇಶವಿಲ್ಲ. ಉಣ್ಣೆಯ ಅಂಗಿ ತೊಟ್ಟ ಸವಾರರಿಗೆ ನಡುನಡುವೆ ರೊಟ್ಟಿ, ತರಕಾರಿ ಬೇಯಿಸಿದ ರೈತರ ಗಂಜಿ, ಆ ಸೀಮೆಯ ದ್ರಾಕ್ಷಾರಸ ದೊರೆಯುತ್ತವೆ. ಈಗ ಸಹಸ್ರಾರು ಮಂದಿ ಸೇರುತ್ತಾರೆ. ಇನ್ನೂರು ಕಿಲೋಮೀಟರಿಗೂ ಮೀರಿದ ಆ ಸುತ್ತುದಾರಿಗೆ ಶಾಶ್ವತ ಗುರುತುಫಲಕಗಳನ್ನು ನೆಟ್ಟಿದ್ದಾರೆ. ವರ್ಷದ ಯಾವ ದಿನವೂ ಯಾರು ಬೇಕಾದರೂ ಅಲ್ಲಿ ಸಾಗಬಹುದು. 2007ರಿಂದ ವೃತ್ತಿಪರ ಸವಾರರ ಸ್ಪರ್ಧೆಯೊಂದೂ ಈ ಹಾದಿಗಳಲ್ಲಿ ನಡೆಯುತ್ತಿದ್ದು, ಸಿಯೆನಾದ ನಡುಚೌಕದಲ್ಲಿ ಮುಗಿಯುತ್ತದೆ. ಮಹಿಳೆಯರ ಸ್ಪರ್ಧೆ 2015ರಲ್ಲಿ ಮೊದಲಾಯಿತು.

ಸಾಹಿತ್ಯದ ಮೇಷ್ಟರಾದ ನನಗೆ ಸ್ಪರ್ಧೆಯ ಸೋಲುಗೆಲುವುಗಳಿಗಿಂತ ಹಾದಿ ಹೆಣೆಯುವ ಸ್ಥಳನಾಮಗಳಲ್ಲಿ ಆಸಕ್ತಿ ಹೆಚ್ಚು. ಗಾಯೋಲೆಯಿಂದ ಬೆಳಕು ಹರಿಯುವ ಮುನ್ನ ಹೊರಟವರು ಮೊದಲು ಏರುವುದು ಬ್ರೋಲಿಯೊ ಕೋಟೆಯ ಏರನ್ನು. ಫ್ಲಾರೆನ್ಸ್ ಮತ್ತು ಸಿಯೆನಾ ಬದ್ಧವೈರಿಗಳಾಗಿದ್ದ ಕಾಲದಲ್ಲಿ ಅದು ಫ್ಲಾರೆನ್ಸಿನ ಗಡಿಕೋಟೆ. ಮುತ್ತಿಗೆಗಳಿಗೆ ಸಿಕ್ಕಿ ನಲುಗಿ ಮತ್ತೆ ಎದ್ದು ನಿಂತದ್ದು. ಅದರ ಒಡೆಯನಾಗಿದ್ದ ಬೆತ್ತಿನೊ ರಿಕಾಸೊಲಿ 1861ರಲ್ಲಿ, ಕಾವೂರ್ ತೀರಿಕೊಂಡ ಬಳಿಕ, ಐಕ್ಯ ಇಟಲಿಯ ಎರಡನೆಯ ಪ್ರಧಾನಿಯಾದನು. ಕಿಯಾಂತಿ ದ್ರಾಕ್ಷಾರಸದ ಹದವನ್ನು ನಿರ್ಣಯಿಸಿದವನೂ ಅವನೇ. ಕೋಟೆಯ ದಕ್ಷಿಣಕ್ಕೆ, ಆರ್ಬಿಯಾ ತೊರೆಯ ಬಳಿ, ಮೊಂತಾಪೆರ್ತಿ ಇದೆ. 1260ರ ಸೆಪ್ಟೆಂಬರ್ 4ರಂದು ಅಲ್ಲಿ ಸಿಯೆನಾ ಫ್ಲಾರೆನ್ಸನ್ನು ಸೋಲಿಸಿತು. ಐದು ವರ್ಷಗಳ ತರುವಾಯ ಹುಟ್ಟಿದ ಡಾಂಟೆ ತನ್ನ 'ನರಕ'ದಲ್ಲಿ ಆ ಸೋಲಿನ ಕಹಿಯನ್ನು ಮರೆಯಲಾರದೆ ನೆನೆಯುತ್ತಾನೆ. ಮುಂದೆ ಬ್ವೊನ್‌ಕೊನ್ವೆಂತೊ ಎಂಬ ಇಟ್ಟಿಗೆಗೋಡೆಯ ಊರು. ಇಟಲಿಗೆ ಶಾಂತಿ ತರುವನೆಂದು ಡಾಂಟೆ ನಂಬಿದ್ದ ಚಕ್ರವರ್ತಿ ಏಳನೆಯ ಹೆನ್ರಿ 1313ರಲ್ಲಿ ಅಲ್ಲಿ ಕೊನೆಯುಸಿರೆಳೆದನು. ಅದೇ ವರ್ಷ, ಅಲ್ಲಿಂದ ಕೆಲವೇ ಮೈಲಿಗಳಾಚೆ, ಬೆರ್ನಾರ್ದೊ ತೊಲೊಮೆಯಿ ಲೋಕವನ್ನು ತೊರೆದು ಮೊಂತೆ ಒಲಿವೆತೊ ಮಠಕ್ಕೆ ಮೊದಲಿಟ್ಟನು. ಅದರ ಒಳಾಂಗಣದ ಗೋಡೆಗಳ ಮೇಲೆ ಸಿನ್ಯೊರೆಲ್ಲಿ ಮತ್ತು ಸೊದೊಮಾ ಬಿಡಿಸಿದ ಸಂತ ಬೆನೆಡಿಕ್ಟನ ಜೀವನಚಿತ್ರಗಳು ಇಂದಿಗೂ ಇವೆ. ಒಂದು ಸಾಮ್ರಾಜ್ಯದ ಆಸೆ ಮುಗಿದ ವರ್ಷದಲ್ಲೇ ಪಕ್ಕದ ಗುಡ್ಡದಲ್ಲಿ ಒಂದು ಮಠ ಮೊದಲಾಯಿತು. ಬೈಸಿಕಲ್ಲಿನವನಿಗೆ ಇವೆರಡರ ನಡುವಿನ ದೂರ ಒಂದು ಗಂಟೆಯ ಹಾದಿ.

ಈ ಸೀಮೆಯ ಹಳ್ಳಿಗಾಡಿನ ಹಳೆಯ ಇಗರ್ಜಿಗೆ 'ಪಿಯೆವೆ' ಎಂಬ ಹೆಸರಿದೆ. ಗಾಯೋಲೆಯ ಮೇಲಿನ ದಿಣ್ಣೆಯಲ್ಲೇ ಸ್ಪಾಲ್ತೆನ್ನಾದ ಪಿಯೆವೆ ನಿಂತಿದೆ. ಈ ಶಬ್ದದ ಮೂಲ ಲ್ಯಾಟಿನ್ನಿನ 'ಪ್ಲೆಬ್ಸ್', ಎಂದರೆ ಸಾಮಾನ್ಯ ಜನ. ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ದೀಕ್ಷಾಸ್ನಾನವಾಗಬೇಕಾದದ್ದು ಅಲ್ಲಿಯೇ. ಆ ಅಧಿಕಾರ ಚಿಕ್ಕ ಗುಡಿಗಳಿಗಿರಲಿಲ್ಲ. ಕೋಟೆ ಒಡೆಯನ ಹೆಸರನ್ನು ಹೊತ್ತರೆ ಪಿಯೆವೆ ಜನದ ಹೆಸರನ್ನೇ ಹೊತ್ತಿತು. ಇವೆರಡನ್ನೂ ಕೂಡಿಸಿದ್ದು ಕೂಸನ್ನೆತ್ತಿಕೊಂಡು ತಾಯಂದಿರು ನಡೆದ, ಎತ್ತಿನ ಬಂಡಿಗಳು ಸವೆಸಿದ ಈ ಹಾದಿಗಳು.

ಹಾಗಾದರೆ ಆ ಜನ ಈಗೆಲ್ಲಿ ಎಂಬ ಪ್ರಶ್ನೆಯನ್ನು ಕೇಳಲೇಬೇಕು. ಇಲ್ಲಿಯ ಬೇಸಾಯ ಶತಮಾನಗಳ ಕಾಲ 'ಮೆತ್ಸದ್ರಿಯಾ' ಪದ್ಧತಿಯದು. ಬೆಳೆಯ ಅರ್ಧ ಒಡೆಯನಿಗೆ, ಅರ್ಧ ಗೇಯುವವನಿಗೆ. ನಮ್ಮ ಕಡೆಯ ಕೋರುಪಾಲನ್ನು ಬಲ್ಲವರಿಗೆ ಇದರ ಕಷ್ಟವನ್ನು ವಿವರಿಸಬೇಕಿಲ್ಲ. ಯುದ್ಧಾನಂತರ ಯುವಕರು ಕಾರ್ಖಾನೆಗಳತ್ತ ಹೊರಟರು. 1964ರ ಕಾಯಿದೆ ಹೊಸದಾಗಿ ಇಂಥ ಕರಾರು ಮಾಡಿಕೊಳ್ಳುವುದನ್ನು ನಿಷೇಧಿಸಿತು. ತೋಟದ ಮನೆಗಳು ಬರಿದಾದವು. ಹೊರಗಿನ ಹಣವಂತರು ಅನೇಕ ಮನೆಗಳನ್ನು ಕೊಂಡು ವಿಶ್ರಾಂತಿಧಾಮಗಳನ್ನಾಗಿ ಮಾಡಿಕೊಂಡರು. ಹಾದಿಗಳು ಬೆಳ್ಳಗೆ ಉಳಿದದ್ದಕ್ಕೆ ಬಡತನವೂ ವಲಸೆಯೂ ಕಾರಣಗಳೆಂಬುದನ್ನು ಅವುಗಳ ಚೆಲುವನ್ನು ಹೊಗಳುವವರು ಮರೆಯಬಾರದು. ಕೆಸರಿನಲ್ಲಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದವನಿಗೆ ಧೂಳಿನ ಸೊಬಗನ್ನು ಉಪದೇಶಿಸುವುದು ನ್ಯಾಯವಲ್ಲ.

ಆದರೂ ಹಾದಿಯನ್ನು ಉಳಿಸಬೇಕೆಂದವರ ಮಾತನ್ನು ನಾನು ತಳ್ಳಿಹಾಕಲಾರೆ. ಜಲ್ಲಿಯ ಹಾದಿ ಉಪೇಕ್ಷೆಯಿಂದ ಉಳಿಯುವುದಿಲ್ಲ. ಮಳೆಯ ನೀರು ಕೊರೆದ ಕೊರಕಲನ್ನು ತುಂಬಬೇಕು, ಬದಿಯ ಚರಂಡಿಯನ್ನು ತೆರೆದಿಡಬೇಕು, ಮತ್ತೆ ಕಲ್ಲು ಹರಡಿ ಸಮ ಮಾಡಬೇಕು. ಈ ಕೆಲಸ ಮತ್ತೆ ಮತ್ತೆ ನಡೆಯಬೇಕಾದರೆ ಊರುಗಳಲ್ಲಿ ಜನ ಇರಬೇಕು, ಅವರಿಗೆ ಜೀವನೋಪಾಯವಿರಬೇಕು. ಸವಾರರು ಉಣ್ಣುವ ಊಟ, ತಂಗುವ ಕೋಣೆ, ರಿಪೇರಿಯ ಅಂಗಡಿ ಇವೆಲ್ಲ ಅಂಥ ಉಪಾಯಗಳೇ.

ಸಿಯೆನಾದ ನಗರಸಭೆಯ ಅರಮನೆಯಲ್ಲಿ ಅಂಬ್ರೋಜೊ ಲೊರೆಂತ್ಸೆತ್ತಿ 1338-39ರಲ್ಲಿ ರಚಿಸಿದ ಭಿತ್ತಿಚಿತ್ರವೊಂದಿದೆ. ಒಳ್ಳೆಯ ಆಳ್ವಿಕೆಯಲ್ಲಿ ನಾಡು ಹೇಗಿರುತ್ತದೆಂಬುದು ಅದರ ವಸ್ತು. ಇದೇ ಬೋಳುಗುಡ್ಡಗಳ ನಡುವೆ ಒಂದು ಹಾದಿ. ಕತ್ತೆಗಳ ಮೇಲೆ ಹೇರು ಹೊರಿಸಿದ ರೈತರು ನಗರದತ್ತ ಬರುತ್ತಿದ್ದಾರೆ, ಸಿರಿವಂತರು ಕುದುರೆಗಳ ಮೇಲೆ ಬೇಟೆಗೆ ಹೋಗುತ್ತಿದ್ದಾರೆ, ಮೇಲೆ ಅಭಯದ ದೇವತೆ ತೇಲುತ್ತಿದ್ದಾಳೆ. ಎದುರಿನ ಗೋಡೆಯ ದುರಾಡಳಿತದ ಚಿತ್ರದಲ್ಲಿ ಹೊಲಗಳು ಪಾಳು. ರಾಜ್ಯದ ಯೋಗ್ಯತೆಯನ್ನು ಅಳೆಯಲು ಆ ಕಲಾವಿದ ಆರಿಸಿಕೊಂಡ ಗುರುತುಗಳಲ್ಲಿ ಹಾದಿಯೂ ಒಂದು. ಅದರ ಮೇಲೆ ಕಲ್ಲಿದೆಯೋ ಮಣ್ಣಿದೆಯೋ ಎಂಬುದಕ್ಕಿಂತ ಯಾರು ನಿರ್ಭಯವಾಗಿ ನಡೆಯುತ್ತಿದ್ದಾರೆ ಎಂಬುದನ್ನೇ ಅವನು ಗಮನವಿಟ್ಟು ಬರೆದಿದ್ದಾನೆ. ಬಿಳಿಯ ಹಾದಿಗಳನ್ನು ಉಳಿಸಲು ಹೊರಟವರು ಬೈಸಿಕಲ್ಲಿನವನ ಜೊತೆಗೆ ಕತ್ತೆಯ ಹಿಂದೆ ನಡೆಯುವವನನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ ಚಿತ್ರಕ್ಕೆ ಸಲ್ಲಬೇಕಾದ ಗೌರವ ಸಂದಂತಾಗುತ್ತದೆ.