ಬಿದಿರಿನ ನಾರು, ಹಾಲಿನ ಯಂತ್ರ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಜೋಯಿಡಾಗಳ ಕಾಡಿನಲ್ಲಿ ಮಳೆಗಾಲ ಹಿಡಿಯಿತೆಂದರೆ ಬಿದಿರುಮೆಳೆಯ ಬುಡದಲ್ಲಿ ಮೊಳಕೆಗಳು ತಲೆಯೆತ್ತುತ್ತವೆ. ಇವೇ ಕಳಲೆ. ಎಳೆಯದಾಗಿರುವಾಗ ಸುಲಿದು, ಹೆಚ್ಚಿ, ನೀರು ಬದಲಿಸುತ್ತ ನೆನೆಯಿಟ್ಟು, ಬೇಯಿಸಿ ಪಲ್ಯ ಮಾಡಿ ಉಣ್ಣುವುದುಂಟು. ಹಸಿ ಕಳಲೆಯಲ್ಲಿರುವ ವಿಷಕಾರಕ ಅಂಶ ಹೀಗೆ ನೆನೆದು ಬೆಂದು ಕಳೆಯುತ್ತದೆ. ಆದರೆ ಕೆಲವು ವಾರ ತಡೆದರೆ ಅದೇ ಮೊಳಕೆ ಹಲ್ಲಿಗೆ ಬಗ್ಗದ ಗಳುವಾಗಿ ಬಿಡುತ್ತದೆ. ಅಲ್ಲಿಗೆ ಅಡುಗೆಮನೆಯೊಡನೆ ಅದರ ನಂಟು ಮುಗಿಯಿತು; ಮುಂದಿನದು ಕಾಗದದ ಕಾರ್ಖಾನೆಯ ದಾರಿ. 1955ರಲ್ಲಿ ಸ್ಥಾಪನೆಗೊಂಡು 1959ರಲ್ಲಿ ಉತ್ಪಾದನೆ ಆರಂಭಿಸಿದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ನೆಲೆಯೂರಿದ್ದು ಈ ಬಿದಿರನ್ನೂ ಕಾಳಿ ನದಿಯ ನೀರನ್ನೂ ನಂಬಿಕೊಂಡು. ಮುಂದೆ ಬಿದಿರಿನ ಸ್ಥಾನವನ್ನು ನೆಟ್ಟು ಬೆಳೆಸಿದ ಮರಗಳು ಬಹುಮಟ್ಟಿಗೆ ಆಕ್ರಮಿಸಿದವು.

ಗಳುವನ್ನು ಗಟ್ಟಿಗೊಳಿಸುವುದು ಸೆಲ್ಯುಲೋಸ್ ಎಂಬ ನಾರು ಮತ್ತು ಆ ನಾರುಗಳನ್ನು ಗಾರೆಯಂತೆ ಬೆಸೆಯುವ ಲಿಗ್ನಿನ್. ಅನ್ನದಲ್ಲಿರುವ ಪಿಷ್ಟವೂ ಸೆಲ್ಯುಲೋಸೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಸರಪಳಿಗಳೆಂದರೆ ಆಶ್ಚರ್ಯವಾಗಬಹುದು. ಭೇದವಿರುವುದು ಕೊಂಡಿಗಳನ್ನು ಜೋಡಿಸಿದ ಬಗೆಯಲ್ಲಿ. ಪಿಷ್ಟದ ಕೊಂಡಿಯನ್ನು ನಮ್ಮ ಜೀರ್ಣರಸಗಳು ಬಿಡಿಸಬಲ್ಲವು. ಸೆಲ್ಯುಲೋಸಿನ ಕೊಂಡಿ ಅವಕ್ಕೆ ಜಗ್ಗುವುದಿಲ್ಲ. ದನದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಆ ವಿದ್ಯೆ ಗೊತ್ತು. ಆದುದರಿಂದಲೇ ಹುಲ್ಲು ತಿಂದು ಹಸು ಹಾಲು ಕೊಡುತ್ತದೆ.

ಕಾಗದದ ಗಿರಣಿಯಲ್ಲಿ ಬಿದಿರಿನ ಚಕ್ಕೆಗಳನ್ನು ಕ್ಷಾರದ್ರಾವಣದಲ್ಲಿ ಬೇಯಿಸಿ ಲಿಗ್ನಿನನ್ನು ಕರಗಿಸುತ್ತಾರೆ. ಉಳಿದ ನಾರಿನ ತಿರುಳನ್ನು ಹಾಗೆಯೇ ಹಾಳೆಯಾಗಿ ಎರೆದರೆ ಅದು ಸಡಿಲವಾಗಿ ಹರಿಯುತ್ತದೆ. ಆದ್ದರಿಂದ ನೀರಿನಲ್ಲಿ ಕದಡಿದ ತಿರುಳನ್ನು ಏಣುಗಳುಳ್ಳ ಲೋಹದ ತಟ್ಟೆಗಳ ನಡುವೆ ಹಾಯಿಸಿ ಮಸೆಯುವುದುಂಟು. ಒಂದೊಂದು ನಾರೂ ಹೊಸೆದ ಹಗ್ಗವಿದ್ದಂತೆ. ಅದರೊಳಗೆ ಎಳೆ, ಎಳೆಯೊಳಗೆ ಮತ್ತಷ್ಟು ಸಣ್ಣ ಎಳೆ. ಮಸೆದಾಗ ಹಗ್ಗದ ಮೈ ಬಿಚ್ಚಿ ರೋಮಗಳೇಳುತ್ತವೆ, ಅವು ಒಂದನ್ನೊಂದು ತಬ್ಬಿ ಹಾಳೆಗೆ ಬಲ ಬರುತ್ತದೆ.

ಹಗ್ಗವನ್ನು ಕೊನೆಯ ಎಳೆಯವರೆಗೂ ಬಿಚ್ಚಿದರೆ ಏನಾದೀತು? ಉತ್ತರ ದೊರೆತದ್ದು ಹಾಲಿನ ಯಂತ್ರದಿಂದ. ಫ್ರಾನ್ಸಿನ ಆಗಸ್ಟ್ ಗೊಲಾಂ 1899ರಲ್ಲಿ ಹೋಮೊಜನೈಸರ್ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಹಾಲಿನ ಕೊಬ್ಬಿನ ಹನಿಗಳನ್ನು ಒಡೆದು ಕೆನೆ ಮೇಲೇಳದಂತೆ ಮಾಡುವುದು ಅದರ ಕೆಲಸ. ಬಲವಾದ ಪಂಪು ದ್ರವವನ್ನು ಕೂದಲೆಳೆಯಷ್ಟು ಕಿರಿದಾದ ಸಂದಿಯೊಳಕ್ಕೆ ನೂಕುತ್ತದೆ. ದ್ರವದ ವೇಗ ಅಲ್ಲಿ ಒಮ್ಮೆಲೇ ಏರುತ್ತದೆ, ಒತ್ತಡ ಇಳಿಯುತ್ತದೆ. ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ಪದರಗಳು ಒಂದರ ಮೇಲೊಂದು ಜಾರಿ ಹರಿದುಕೊಳ್ಳುತ್ತವೆ.

ಅಮೆರಿಕದ ಐಟಿಟಿ ರೇಯೋನಿಯರ್ ಸಂಸ್ಥೆಯ ಟರ್ಬಾಕ್, ಸ್ನೈಡರ್, ಸ್ಯಾಂಡ್‌ಬರ್ಗ್ ಎಂಬ ವಿಜ್ಞಾನಿಗಳು ಈ ಯಂತ್ರಕ್ಕೆ ಮರದ ತಿರುಳನ್ನು ಉಣಿಸಿದರು. ನೂರು ಪಾಲಿನಲ್ಲಿ ಎರಡು ಪಾಲು ಮಾತ್ರ ನಾರು, ಉಳಿದದ್ದು ನೀರು. ವಾತಾವರಣದ ಒತ್ತಡದ ಸುಮಾರು 540 ಪಟ್ಟು ಒತ್ತಡದಲ್ಲಿ ಮತ್ತೆ ಮತ್ತೆ ಹಾಯಿಸಿದಾಗ ಆ ತೆಳುನೀರು ಗಂಜಿಯಂತೆ ಗಟ್ಟಿಯಾಯಿತು. ಹೊಸದಾಗಿ ಏನನ್ನೂ ಬೆರೆಸಿರಲಿಲ್ಲ. ನಾರು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತ ತೆಳ್ಳಗಿನ ಎಳೆಗಳಾಗಿ ಸೀಳಿ, ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿದಿಟ್ಟಿತ್ತು. ಆಹಾರದಲ್ಲಿ ಇದರ ಉಪಯೋಗಕ್ಕಾಗಿಯೇ ಅವರು 1982ರಲ್ಲಿ ಪ್ರತ್ಯೇಕ ಹಕ್ಕುಪತ್ರ ಪಡೆದರು. ನೀರನ್ನು ಹಿಡಿದಿಡುವ ಈ ಬಲೆ ಎಣ್ಣೆಯ ಹನಿಗಳು ಬೇರ್ಪಡದಂತೆಯೂ ತಡೆಯುತ್ತದೆ. ಜಿಡ್ಡು ಕಡಮೆ ಮಾಡಿದ ತಿನಿಸಿಗೂ ನಾಲಗೆಯ ಮೇಲೆ ಜಿಡ್ಡಿನ ನುಣುಪನ್ನು ಕೊಡಬಲ್ಲುದು.

ಕಾಗದಕ್ಕೆಂದು ಬೇಯಿಸಿದ ತಿರುಳು ಊಟಕ್ಕೆ ಯೋಗ್ಯವೆಂದು ಇದರಿಂದ ತಿಳಿಯಬಾರದು. ಆಹಾರದ ನಾರಿಗೆ ಬೇರೆಯೇ ಶುದ್ಧಿಯ ನಿಯಮಗಳಿವೆ. ಹಣ್ಣು ತರಕಾರಿಗಳ ನಾರಾದರೋ ಲಿಗ್ನಿನ್ ಕಡಮೆಯಾದ ಮೆದು ನಾರು. ರಸ ಹಿಂಡಿದ ಮೇಲೆ ತಿಪ್ಪೆ ಸೇರುವ ಕಿತ್ತಳೆ, ನಿಂಬೆಗಳ ಸಿಪ್ಪೆಯನ್ನು ತೊಳೆದು, ಅರೆದು, ಈ ಸಂದಿಯಲ್ಲಿ ಹಾಯಿಸಿದರೆ ಅದು ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಹಿಡಿಯುತ್ತದೆ. ಟೊಮೇಟೊ ರಸ ತಳಕ್ಕಿಳಿಯದೆ ಮಂದವಾಗಿ ನಿಲ್ಲುವಂತೆಯೂ ಮಾಡಬಹುದು. ಎಳೆ ಎಷ್ಟೇ ಸಣ್ಣದಾದರೂ ಕೊಂಡಿ ಮಾತ್ರ ಹಳೆಯದೇ. ಹೀಗೆ ಬಿಡಿಸಿದ ನಾರೂ ಹಸಿದವನಿಗೆ ಅನ್ನವಾಗಲಾರದು. ಹೊಟ್ಟೆ ತುಂಬಿದ ಭಾವ ಬಂದರೂ ಅದು ಪಿಷ್ಟದಂತೆ ಜೀರ್ಣವಾಗಿ ಶಕ್ತಿ ಕೊಡುವುದಿಲ್ಲ. ತಿನಿಸಿನ ಹೊರಕಟ್ಟಿನ ಮೇಲೆ ಇದನ್ನು ಬರೆಯದೆ ಮಾರುವುದು ಕೊಳ್ಳುವವನಿಗೆ ಮಾಡುವ ಅನ್ಯಾಯ.

ಬಹುಕಾಲ ಈ ವಿಧಾನ ಹಿಂದುಳಿದುದಕ್ಕೆ ಕಾರಣ ವಿದ್ಯುತ್ತಿನ ಖರ್ಚು. ಉದ್ದನೆಯ ನಾರುಗಳು ಸಂದಿಯಲ್ಲಿ ಸಿಕ್ಕಿ ಯಂತ್ರ ಕಟ್ಟಿಕೊಳ್ಳುತ್ತಿತ್ತು. ಹತ್ತಾರು ಸಲ ಹಾಯಿಸುವಷ್ಟರಲ್ಲಿ ವೆಚ್ಚ ಕೈಮೀರುತ್ತಿತ್ತು. ಆಮೇಲೆ ಕಂಡುಕೊಂಡ ಉಪಾಯಗಳಲ್ಲಿ ಒಂದು, ನಾರನ್ನು ಮೊದಲು ಕಿಣ್ವದಲ್ಲಿ ನೆನೆಸಿ ಸಡಿಲಗೊಳಿಸುವುದು. ಇನ್ನೊಂದು ಕಾಗದ ಮಾಡುವವರಿಗೆ ಹಳೆಯದು: ಒತ್ತಡಕ್ಕೆ ಒಡ್ಡುವ ಮುನ್ನ ತಿರುಳನ್ನು ಏಣುತಟ್ಟೆಗಳ ನಡುವೆ ಚೆನ್ನಾಗಿ ಮಸೆದುಕೊಳ್ಳುವುದು.