ಒಂದು ಪದರ ಸೇರಿಸಿದರೆ ಕಾಂತ ಮಾಯ

ಕ್ರೋಮಿಯಂ ಟ್ರೈಅಯೋಡೈಡ್ ಹರಳು ಕಪ್ಪಗೆ ಮಿರಮಿರ ಮಿಂಚುತ್ತದೆ, ಅಭ್ರಕದ ಹಾಗೆ ಹಾಳೆಹಾಳೆಯಾಗಿ ಬಿಡುತ್ತದೆ. ಆದರೆ ಗಾಳಿಗೆ ಒಡ್ಡುವಂತಿಲ್ಲ. ತೇವ ತಾಗಿದರೆ ತೆಳುವಾದ ಚೂರುಗಳು ನೋಡನೋಡುತ್ತಲೇ ಹಾಳಾಗುತ್ತವೆ. ಹಾಗಾಗಿ ನಮ್ಮ ಕೆಲಸವೆಲ್ಲ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್‌ ಒಳಗೆ. ದಪ್ಪ ರಬ್ಬರ್ ಕೈಗವಸು ತೊಟ್ಟು ಹರಳಿಗೆ ಟೇಪ್ ಅಂಟಿಸುವುದು, ಕೀಳುವುದು, ಮತ್ತೆ ಅಂಟಿಸುವುದು. ಕೊನೆಗೆ ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕು. ಪದರ ಎಷ್ಟೆಂದು ಬಣ್ಣದ ಗಾಢತೆಯೇ ಹೇಳುತ್ತದೆ. ಒಂಟಿ ಪದರ ಇದೆಯೋ ಇಲ್ಲವೋ ಎನ್ನುವಷ್ಟು ಮಸುಕು.

ಇಷ್ಟು ತೆಳುವಾದದ್ದು ಕಾಂತವಾಗಿ ಉಳಿದೀತೇ? ಎಲೆಕ್ಟ್ರಾನುಗಳ ಸ್ಪಿನ್‌ಗೆ (ಪ್ರತಿ ಎಲೆಕ್ಟ್ರಾನನ್ನೂ ಪುಟ್ಟ ಕಾಂತವಾಗಿಸುವ ಗುಣಕ್ಕೆ) ಎಲ್ಲ ದಿಕ್ಕೂ ಒಂದೇ ಆಗಿದ್ದರೆ, ಎರಡು ಆಯಾಮದಲ್ಲಿ ಅಲ್ಪ ಶಾಖವೂ ಅವುಗಳ ಶಿಸ್ತನ್ನು ಕೆಡಿಸುತ್ತದೆಂದು ಭೌತವಿಜ್ಞಾನಿಗಳಾದ ಮರ್ಮಿನ್ ಮತ್ತು ವ್ಯಾಗ್ನರ್ 1966ರಲ್ಲೇ ಸಾಧಿಸಿದ್ದರು. ಈ ಹರಳು ಪಾರಾಗುವುದು ಆ 'ಆಗಿದ್ದರೆ'ಯಲ್ಲಿ: ಇಲ್ಲಿನ ಸ್ಪಿನ್‌ಗಳಿಗೆ ಹಾಳೆಗೆ ಲಂಬವಾಗಿ ನಿಲ್ಲುವುದೇ ಇಷ್ಟ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಿಯಾಡಾಂಗ್ ಶು ಮತ್ತು ಎಂಐಟಿಯ ಪಾಬ್ಲೊ ಹಾರಿಯೊ-ಎರೆರೊ ತಂಡಗಳು 2017ರಲ್ಲಿ ಈ ಹರಳಿನ ಒಂಟಿ ಪದರದ ಮೇಲೆ ಲೇಸರ್ ಬಿಟ್ಟು, ಪ್ರತಿಫಲಿಸಿದ ಬೆಳಕಿನ ಧ್ರುವೀಕರಣ ಕೊಂಚ ತಿರುಗಿದ್ದನ್ನು ಅಳೆದವು. ಆ ತಿರುಗುವಿಕೆಯೇ ಕಾಂತತ್ವದ ಗುರುತು: 45 ಕೆಲ್ವಿನ್‌ಗಿಂತ ಕೆಳಗೆ ಒಂಟಿ ಪದರವೂ ಅಪ್ಪಟ ಕಾಂತ.

ನನಗೆ ಇಂದಿಗೂ ಸೋಜಿಗವೆನಿಸುವುದು ಅದಲ್ಲ. ಎರಡು ಪದರವಿದ್ದರೆ ಕಾಂತತ್ವ ಸೊನ್ನೆ! ಮೂರಾದರೆ ಮತ್ತೆ ಹಾಜರು. ಒಂದು ಪದರದೊಳಗೆ ಎಲ್ಲ ಸ್ಪಿನ್‌ಗಳೂ ಒಂದೇ ಕಡೆಗೆ. ಪಕ್ಕದ ಪದರದ್ದು ತದ್ವಿರುದ್ಧ, ಹಾಗಾಗಿ ಜೋಡಿ ಪದರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಈ ಪದರಗಳನ್ನು ಎರಡು ಗ್ರಾಫೀನ್ ಹಾಳೆಗಳ ನಡುವೆ ಇಟ್ಟರೆ ಎಲೆಕ್ಟ್ರಾನುಗಳು ನುಸುಳಿ ದಾಟಲು ತಿಣುಕುತ್ತವೆ. ಹೊರಗಿನ ಕಾಂತಕ್ಷೇತ್ರದಿಂದ ಪದರಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದರೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ನಾಲ್ಕು ಪದರದ ಸಾಧನದಲ್ಲಿ ಈ ವ್ಯತ್ಯಾಸ ಶೇ. 19,000 ಎಂದು 2018ರಲ್ಲಿ ವರದಿಯಾಯಿತು.

ಹಾರ್ಡ್ ಡಿಸ್ಕ್ ಓದುವ ಹೆಡ್ ಕೂಡ ಇಂಥದೇ ತತ್ವದಲ್ಲಿ ನಡೆಯಿತು. ಆ ತತ್ವವನ್ನು ಕಂಡುಕೊಂಡ ವಿಜ್ಞಾನಿಗಳಾದ ಫೆರ್ಟ್ ಮತ್ತು ಗ್ರುನ್‌ಬರ್ಗ್‌ಗೆ 2007ರಲ್ಲಿ ನೊಬೆಲ್ ಬಂತು. ಅಲ್ಲಿ ಲೋಹದ ಪದರಗಳನ್ನು ಒಂದೊಂದಾಗಿ ಲೇಪಿಸಬೇಕು, ಇಲ್ಲಿ ಹರಳು ಹುಟ್ಟುವಾಗಲೇ ಪದರಗಳನ್ನು ಜೋಡಿಸಿಕೊಂಡಿರುತ್ತದೆ. ಜೊತೆಗೆ, ಸೂಕ್ತ ಕಾಂತಕ್ಷೇತ್ರದಲ್ಲಿಟ್ಟ ಎರಡು ಪದರಗಳ ಸ್ಥಿತಿಯನ್ನು ಬರೀ ವೋಲ್ಟೇಜಿನಿಂದ ಬದಲಿಸಬಹುದು. ವಿದ್ಯುತ್ ಉಳಿಸುವ ಮೆಮೊರಿಯ ಆಸೆ ಹುಟ್ಟಿರುವುದು ಇಲ್ಲಿಂದಲೇ.

ಹಾಗೆಂದು ನಾಳೆಯೇ ಮೊಬೈಲಿಗೆ ಬರುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. 45 ಕೆಲ್ವಿನ್ ಅಂದರೆ ಮೈನಸ್ 228 ಡಿಗ್ರಿ ಸೆಲ್ಸಿಯಸ್. ಕಬ್ಬಿಣ, ಗ್ಯಾಲಿಯಂ, ಟೆಲ್ಲುರಿಯಂ ಸೇರಿದ ಇನ್ನೊಂದು ಪದರ ಹರಳು ಕೋಣೆಯ ತಾಪದಲ್ಲೂ ಕಾಂತವಾಗಿರುತ್ತದೆಂದು 2022ರಲ್ಲಿ ತಿಳಿದುಬಂದ ಮೇಲೆ ಹಲವರ ಗಮನ ಅತ್ತ ತಿರುಗಿದೆ. ಆದರೆ ಯಾವ ಹರಳಾದರೂ ಕೂದಲೆಳೆಗಿಂತ ಕಿರಿದಾದ ಚೂರು ಸಾಲದು; ಇಡೀ ಸಿಲಿಕಾನ್ ಬಿಲ್ಲೆಯ ಉದ್ದಗಲಕ್ಕೂ ಪದರದ ಲೆಕ್ಕ ತಪ್ಪದಂತೆ ಬೆಳೆಸಬೇಕು.