ಕಂದಾಚಾರದ ಪೂರ್ವಿಕನ ಜಾಡು

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮನೆತನವೊಂದರಲ್ಲಿ ‘ಮುತ್ತಜ್ಜ ಬಿಳಿಯರ ಕಾಲದ ಸಿಪಾಯಿ’ ಎಂಬ ಮಾತು ಉಳಿದುಬಂದಿದ್ದರೆ, ಮೊದಲು ನೆನೆಯಬೇಕಾದುದು ಕುಂಪಣಿಯ ಪಡೆಯನ್ನಲ್ಲ, ಕಂದಾಚಾರವನ್ನು. ಇದು ಮೈಸೂರು ಅರಸರ ಕಾಲದಿಂದ ಬಂದ ನಾಡಪಡೆ. ದಿವಾನ್ ಪೂರ್ಣಯ್ಯನವರು (1799–1811) ಇದರ ಆಳುಗಳಿಗೆ ಸ್ವಗ್ರಾಮದಲ್ಲಿರುವಾಗ ಅಲ್ಪ ಸಂಬಳವನ್ನೂ, ಹೊರಗೆ ಕರೆದಾಗ ಬತ್ತೆಯನ್ನೂ ಗೊತ್ತುಮಾಡಿದ್ದರು. ಆದಕಾರಣ ಒಬ್ಬನೇ ಮನುಷ್ಯನು ನೇಗಿಲು ಹಿಡಿದ ಆರಂಭಗಾರನೂ ಕೋಟೆಯ ಕಾವಲಿನವನೂ ಆಗಿರುತ್ತಿದ್ದನು.

1830–31ರ ನಗರ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರ ಮನೆತನವೂ ಎದ್ದುನಿಂತಿತು. 1831ರಲ್ಲಿ ರಾಜ್ಯಾಡಳಿತವು ಬ್ರಿಟಿಷ್ ಕಮಿಷನ್ನಿನ ಕೈಸೇರಿ 1881ರವರೆಗೆ ಅಲ್ಲಿಯೇ ಉಳಿಯಿತು. ಕಂದಾಚಾರವೂ ಅದರ ಅಧೀನಕ್ಕೆ ಸಂದಿತು. ಇಲ್ಲಿಯೇ ಅನ್ವೇಷಕನಿಗೆ ಕಠಿಣ ಪರೀಕ್ಷೆ. ಮುತ್ತಜ್ಜನು ದಂಗೆಯನ್ನು ಅಡಗಿಸಿದವರ ಸಾಲಿನಲ್ಲಿದ್ದನೋ ಎದ್ದವರ ಸಾಲಿನಲ್ಲಿದ್ದನೋ ಎಂಬುದನ್ನು ಕುಲಾಭಿಮಾನದಿಂದ ನಿರ್ಣಯಿಸಲಾಗದು. ಅಣ್ಣನೊಂದು ಕಡೆ, ತಮ್ಮನೊಂದು ಕಡೆ ಇದ್ದಿರಲೂಬಹುದು.

ಕಾಗದಪತ್ರಗಳಿಗಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರವನ್ನು ಆಶ್ರಯಿಸಬೇಕು. ಅಲ್ಲಿ ‘ಕಡೂರು ಜಿಲ್ಲೆ’ ಎಂದು ಹುಡುಕುವವರು ಒಂದು ಸಂಗತಿ ಮರೆಯಬಾರದು: ಆ ಜಿಲ್ಲೆ ರೂಪುಗೊಂಡದ್ದು 1863ರಲ್ಲಿ. ಅಜ್ಜಂಪುರವಂತೂ ಬಹುಕಾಲ ತರೀಕೆರೆ ತಾಲ್ಲೂಕಿನಲ್ಲಿಯೇ ಇದ್ದಿತು. ಹಳೆಯ ಬರಹ ಮೋಡಿ ಲಿಪಿಯಲ್ಲಿದ್ದರೆ ಬಲ್ಲವರ ನೆರವು ಬೇಕು. ಅದಕ್ಕೂ ಮುನ್ನ ಮನೆಯ ಅಟ್ಟವನ್ನು ನೋಡುವುದು ಒಳ್ಳೆಯದು. ಹುಣಿಸೆಬೀಜದ ಸರಿ, ಇದ್ದಿಲ ಮಸಿ ಬಳಿದ ಬಟ್ಟೆಯ ಕಡತವು ಎಷ್ಟೋ ಮನೆಗಳಲ್ಲಿ ಕಸವೆಂದು ಒಲೆ ಸೇರಿದೆ.